ಹಿಂದಕ್ಕೆ ನಡೆದು ಕೊಪ್ಪಳ ಮುಟ್ಟಿದ್ದು

ಎತ್ತು ಹಿಂದಕ್ಕೂ ನಡೆಯುತ್ತದೆ ಎಂಬುದು ನನಗೆ ಇಪ್ಪತ್ತೊಂದು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ನಾನು ಕುಷ್ಟಗಿಯ ಪೇಟೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯಲ್ಲಿ ತಕ್ಕಡಿ ಇತ್ತು, ಎತ್ತು ಇರಲಿಲ್ಲ. ಎತ್ತಿಗೆ ಮುಂದೆ ಎರಡು ಕೊಂಬು, ಹಿಂದೆ ಒಂದು ಬಾಲ ಇರುತ್ತದೆ, ಅದು ಕೊಂಬು ಇರುವ ಕಡೆಗೆ ನಡೆಯುತ್ತದೆ. ಇಷ್ಟೇ ನನಗಿದ್ದ ತಿಳಿವಳಿಕೆ. ಇಷ್ಟು ತಿಳಿದವನು ಗಾಡಿ ಹೊಡೆಯಬಹುದು ಎಂದು ನಂಬಿದ್ದೆ. ಆ ವಯಸ್ಸಿನಲ್ಲಿ ಇಂಥ ಬಹಳ ವಿಷಯಗಳನ್ನು ನಂಬಿದ್ದೆ.

ಆಗ ನಾನು ಯಲಬುರ್ಗಾ ಸೀಮೆಯ ಮಂಗಳೂರಿನಲ್ಲಿ ಮಾಸ್ತರನಾಗಿದ್ದೆ. ಸಮುದ್ರವಿರುವ ಮಂಗಳೂರಲ್ಲ. ನಮ್ಮ ಮಂಗಳೂರಿನಲ್ಲಿ ಅಲೆಯ ಮಾತು ಹಾಗಿರಲಿ, ಬೇಸಿಗೆಯಲ್ಲಿ ಕಾಲು ತೊಳೆಯುವ ಮೊದಲು ಎರಡು ಸಲ ಯೋಚಿಸಬೇಕಿತ್ತು. ನನ್ನ ಮಾಸ್ತರಿಕೆ ಹಂಗಾಮಿಯದು. ಕಾಯಂ ಆಗಬೇಕಾದರೆ ಕೊಪ್ಪಳಕ್ಕೆ ಹೋಗಿ, ಒಬ್ಬ ಸಾಹೇಬರ ಮುಂದೆ ನಿಂತು, ಕೇಳಿದ್ದಕ್ಕೆಲ್ಲ ಬಾಯಲ್ಲೇ ಉತ್ತರ ಕೊಡಬೇಕಿತ್ತು. ನಿಜಾಮರ ಕಾಲವಾದ್ದರಿಂದ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಸಿಟ್ಟು ಬಂದಾಗ ಎರಡೂ. ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗೆ ನಾವು ಮುಸ್ಬತ್ ಎನ್ನುತ್ತಿದ್ದೆವು, ಸೊನ್ನೆಗಿಂತ ಕಡಿಮೆಯದಕ್ಕೆ ಮನ್ಫಿ, ಗುಣಿಸುವುದಕ್ಕೆ ಜರ್ಬ್.

ಹಿಂದಿನ ವರ್ಷ ಆ ಪರೀಕ್ಷೆಯಲ್ಲಿ ನಾನು ಬಿದ್ದಿದ್ದೆ. ಸಾಹೇಬರು ಶೇರ್ವಾನಿ, ಕೆಂಪು ಟೋಪಿಯ ಸಣ್ಣ ಮನುಷ್ಯ. ಬಾಯಲ್ಲಿ ಸದಾ ಪಾನ್ ಇದ್ದುದರಿಂದ ಮಾತು ಕಡಿಮೆ.

"ಮನ್ಫಿ ಜರ್ಬ್ ಮನ್ಫಿ?" ಎಂದು ಕೇಳಿದರು.

"ಮುಸ್ಬತ್," ಎಂದೆ. ಮನ್ಫಿಯನ್ನು ಮನ್ಫಿಯಿಂದ ಗುಣಿಸಿದರೆ ಮುಸ್ಬತ್ ಬರುತ್ತದೆ. ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನನಗೆ ಗೊತ್ತು.

"ಕ್ಯೂಂ?"

ಯಾಕೆ ಎಂದು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಆ ನಿಯಮದ ಮೇಲೆಯೇ ನನಗೆ ಸಂಶಯವಿತ್ತು. ನಮ್ಮ ಮನೆಯಲ್ಲಿ ಸೋದರತ್ತೆಗೂ ನನ್ನ ತಾಯಿಗೂ ಏಕಕಾಲಕ್ಕೆ ಸಿಟ್ಟು ಬರುತ್ತಿತ್ತು. ಎರಡು ಸಿಟ್ಟು ಕೂಡಿ ಸಮಾಧಾನವಾದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕೊನೆಗೆ, "ಕಿತಾಬಿನ್ಯಾಗ ಹಂಗ ಐತ್ರಿ ಸಾಹೇಬ್ರ," ಎಂದೆ. ಸಾಹೇಬರು ಬಯ್ಯಲಿಲ್ಲ. ಮುಂದಿನ ವರ್ಷ ಬರುವಾಗ ಆ 'ಕ್ಯೂಂ' ಅನ್ನೂ ಜೊತೆಗೆ ತನ್ನಿ, ಅದಿಲ್ಲದೆ ಬರಬೇಡಿ, ಮೂರನೆಯ ಸಲ ನಾನು ನೋಡುವುದಿಲ್ಲ ಎಂದು ಉರ್ದುವಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು.

ಕೆಲಸ ಹೋದರೆ ಹೋಗಲಿ, ತಕ್ಕಡಿ ಹಿಡಿಯಬಹುದಿತ್ತು. ಆದರೆ ಅದರ ಹಿಂದೆ ಇನ್ನೊಂದು ವಿಷಯವಿತ್ತು. ನನಗೆ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು, ಹೆಂಡತಿ ಇನ್ನೂ ತವರಿನಲ್ಲೇ ಇದ್ದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ನೋಡಬೇಕಾದ ಹೊತ್ತಿಗೆ ಯಾರೋ ಎಸೆದ ಅಕ್ಷತೆಯ ಕಾಳೊಂದು ನನ್ನ ಬಲಗಣ್ಣಿಗೆ ಬಿದ್ದು, ಮದುವೆಯ ಉಳಿದ ಭಾಗವನ್ನೆಲ್ಲ ನಾನು ಕಣ್ಣು ತಿಕ್ಕುತ್ತ ಕಳೆದಿದ್ದೆ. ಅವಳ ತಂದೆ ಬೇವೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಿದ್ದರು. ನನ್ನ ಕೆಲಸ ಕಾಯಂ ಆಗುವವರೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು.

"ಹಂಗಾಮಿ ಅಳಿಯಗ ಕಾಯಂ ಮಗಳನ್ನ ಹೆಂಗ ಕಳಿಸ್ಲಿ?" ಎಂದು ಅವರು ಊರ ಕಟ್ಟೆಯ ಮೇಲೆ ಕೇಳಿದ್ದು ಮಂಗಳೂರಿನವರೆಗೂ ಮುಟ್ಟಿತ್ತು. ನನ್ನ ವಿದ್ಯಾರ್ಥಿಗಳಿಗೂ ಅದು ಬಾಯಿಪಾಠವಾಗಿತ್ತು. ಉರ್ದು ಪಾಠ ಅಷ್ಟು ಬೇಗ ಅವರಿಗೆ ಬಾಯಿಪಾಠವಾಗುತ್ತಿರಲಿಲ್ಲ.

ಎರಡನೆಯ ಪರೀಕ್ಷೆಗೆ ಎರಡು ದಿನ ಮುಂಚೆ ಮಾವನಿಂದ ಕರೆ ಬಂತು. ಇಳಿಹೊತ್ತಿನಲ್ಲಿ ಅವರ ಹೊಲ ಮುಟ್ಟಿದೆ. ಬಾವಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಗಟ್ಟಿ ದನಿಯಲ್ಲಿ ಹಾಡುವುದು ಕೇಳುತ್ತಿತ್ತು. ಯಾರೋ ಆಳು ಇರಬೇಕೆಂದುಕೊಂಡು ನಾನು ನೇರ ಮನೆಗೆ ಹೋದೆ. ಮಾವ ನೀರು ಕೊಟ್ಟರು, ಬೆಲ್ಲ ಕೊಟ್ಟರು, ಆಮೇಲೆ ಷರತ್ತು ಹೇಳಿದರು.

"ಕೊಪ್ಪಳದಾಗ ಈಕಿ ಚಿಗವ್ವನ ಮನಿ ಐತಿ. ನಾಳೆ ಇಬ್ಬರೂ ಗಾಡಿ ಕಟ್ಟಿಗೊಂಡು ಹೋಗ್ರಿ, ಅಲ್ಲೇ ಇಳೀರಿ. ನಾಡದು ನಿಮ್ಮ ಇಮ್ತಿಹಾನ್. ಪಾಸಾದ್ರ ಹಂಗ ಮಂಗಳೂರಿಗೆ ಕರಕೊಂಡು ಹೋಗ್ರಿ. ನಾಪಾಸಾದ್ರ ಅದ ಗಾಡ್ಯಾಗ ವಾಪಸ್ ತಂದು ಬಿಡ್ರಿ."

"ಆತ್ರಿ," ಎಂದೆ.

"ಗಾಡಿ ಎತ್ತಿನ ಕಾಲಿಗೆ ಮುಳ್ಳು ನಟ್ಟೈತಿ. ಬಾವಿ ಎತ್ತು ಕೊಡತೀನಿ. ಗರೀಬ ಅದಾವು, ಹಾಯೂದಿಲ್ಲ ಒದೆಯೂದಿಲ್ಲ. ಗಾಡಿ ಹೊಡ್ಯಾಕ ಬರತೈತಿಲ್ಲೋ ನಿಮಗ?"

ಬರುತ್ತದೆ ಎಂದೆ. ಒಳಗಿನ ಬಾಗಿಲ ಹಿಂದೆ ಯಾರೋ ನಕ್ಕರು.

ಮರುದಿನ ಸೂರ್ಯ ಏಳುವ ಮೊದಲೇ ಹೊರಟೆವು. ನಾನು ಗಾಡಿಯ ಮುಂದೆ, ಎತ್ತಿನ ಬಾಲಗಳ ನಡುವೆ. ಅವಳು ಹಿಂದಿನ ಅಂಚಿನಲ್ಲಿ, ಕಾಲು ಇಳಿಬಿಟ್ಟು, ತವರಿನ ಕಡೆ ಮುಖ ಮಾಡಿ ಕೂತಿದ್ದಳು. ಬೆನ್ನಿಗೆ ಬೆನ್ನು. ನಡುವೆ ಜೋಳದ ಚೀಲ, ರೊಟ್ಟಿಯ ಗಂಟು, ಅವಳ ಒಂದು ಟ್ರಂಕು. ಹಿರಿಯರು ಸೋಬಾನೆ ಹಾಡುತ್ತ ಊರ ಗಡಿಯವರೆಗೆ ಬಿಟ್ಟು ಹಿಂದಿರುಗಿದ ಮೇಲೆ ನಾನು ಏನು ಮಾತಾಡಬೇಕೆಂದು ತಿಳಿಯದೆ ಪರೀಕ್ಷೆಗೆ ಓದತೊಡಗಿದೆ. ಹೊಸ ಗಂಡನೊಬ್ಬ ಮಾಡಬಹುದಾದ ಮೂರ್ಖತನಗಳಲ್ಲಿ ಇದು ಮೊದಲನೆಯದೆಂದು ಈಗ ಅನಿಸುತ್ತದೆ.

ನಮಗೆ ಆ ನಿಯಮವನ್ನು ರಾಗವಾಗಿ ಕಲಿಸಿದ್ದರು. "ಮುಸ್ಬತ್ ಜರ್ಬ್ ಮುಸ್ಬತ್, ಮುಸ್ಬತ್. ಮುಸ್ಬತ್ ಜರ್ಬ್ ಮನ್ಫಿ, ಮನ್ಫಿ. ಮನ್ಫಿ ಜರ್ಬ್ ಮುಸ್ಬತ್, ಮನ್ಫಿ. ಮನ್ಫಿ ಜರ್ಬ್ ಮನ್ಫಿ," ಎಂದು ಎಳೆದು ಎಳೆದು ಕೊನೆಗೆ "ಮುಸ್ಬತ್" ಎಂದು ಇಳಿಸಿ ನಿಲ್ಲಿಸಬೇಕು. ಹಾಗೆಯೇ ನಿಲ್ಲಿಸಿದೆ. ಎತ್ತುಗಳು ಅಲ್ಲಿಯವರೆಗೆ ಚೆನ್ನಾಗಿ ನಡೆದಿದ್ದವು. ನಾನು ಬಾಯಿ ಮುಚ್ಚಿ, ಹಣೆ ಗಂಟು ಹಾಕಿಕೊಂಡು, ಯಾಕೆ ಎಂದು ಯೋಚಿಸತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ರಸ್ತೆಯ ಬದಿಯ ಜಾಲಿಗಿಡವೊಂದು ಹಿಂದಿನಿಂದ ಬಂದು ನನ್ನನ್ನು ದಾಟಿ ಮುಂದೆ ಹೋಯಿತು.

ಗಿಡ ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕೆಳಗೆ ನೋಡಿದೆ. ಎರಡೂ ಎತ್ತುಗಳು ಕೊಪ್ಪಳದ ಕಡೆ ಮುಖ ಇಟ್ಟುಕೊಂಡು, ಬಹಳ ಶಿಸ್ತಿನಿಂದ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದವು. ಗಾಡಿ ಬೇವೂರಿನ ಕಡೆ ಹೊರಟಿತ್ತು.

ಗದರಿದೆ. ಬಾಲ ಹಿಂಡಿದೆ. ಉರ್ದುವಿನಲ್ಲೂ ಬೈದೆ. ಅವು ಕಿವಿ ಅಲ್ಲಾಡಿಸುತ್ತ ಹಿಂದಕ್ಕೇ ನಡೆದವು. ಬೇಸತ್ತು ಕೈಚೆಲ್ಲಿ, ಹೇಗೂ ಹೋಗುತ್ತಿದ್ದೇನೆ, ಓದಿಕೊಂಡಾದರೂ ಹೋಗೋಣವೆಂದು ಮತ್ತೆ "ಮುಸ್ಬತ್ ಜರ್ಬ್ ಮುಸ್ಬತ್" ಎಂದು ಶುರು ಮಾಡಿದೆ. ಎತ್ತುಗಳು ಮುಂದಕ್ಕೆ ನಡೆದವು. ಮುಗಿಸಿ ಯೋಚನೆಗೆ ಇಳಿದೆ. ಹಿಂದಕ್ಕೆ ನಡೆದವು.

ಆಗ ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು. "ಅವು ಮಟ್ಟಿ ಎತ್ತುರಿ. ಹಿಂಗ ಮಾಡತಾವು."

ಮದುವೆಯಾದ ಮೇಲೆ ನನ್ನ ಹೆಂಡತಿ ನನಗೆ ಆಡಿದ ಮೊದಲ ಮಾತು ಇದು. ಇದಕ್ಕಿಂತ ಒಳ್ಳೆಯ ಮೊದಲ ಮಾತನ್ನು ನಾನು ಬಯಸಿದ್ದೆ, ಆದರೂ ಖುಷಿಯಾಯಿತು.

ಮಟ್ಟಿ ಎಂದರೆ ಕಪಿಲೆ. ಬಾವಿಯಿಂದ ಎತ್ತಿನ ಸಹಾಯದಿಂದ ನೀರೆತ್ತುವುದು. ಅವಳು ವಿವರಿಸಿದಳು. ಬಾವಿಯ ಬಾಯಿಂದ ಹೊಲದ ಕಡೆಗೆ ಒಂದು ಇಳಿಜಾರು ಇರುತ್ತದೆ. ಎತ್ತುಗಳು ಆ ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ ತೊಗಲಿನ ದೊಡ್ಡ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಸುರಿದ ಮೇಲೆ ಅದೇ ಎತ್ತುಗಳು ತಿರುಗದೆ, ಹಾಗೆಯೇ ಹಿಮ್ಮುಖವಾಗಿ ಇಳಿಜಾರು ಹತ್ತುತ್ತವೆ. ಖಾಲಿ ಚೀಲ ಬಾವಿಗೆ ಇಳಿಯುತ್ತದೆ. ಯಾರಾದರೂ ತಡೆಯುವವರೆಗೆ ಹತ್ತುತ್ತವೆ. ಈ ಜೋಡಿ ಎಂಟು ವರ್ಷದಿಂದ ಇದನ್ನೇ ಮಾಡುತ್ತಿತ್ತಂತೆ. ಎಂಟು ವರ್ಷ ನಡೆದರೂ ಅವು ಇದ್ದಲ್ಲೇ ಇದ್ದವು.

"ಹಂಗಾದ್ರ ಅವು ಹೆಜ್ಜಿ ಎಣಿಸತಾವು," ಎಂದು ನಾನು ತೀರ್ಮಾನ ಕೊಟ್ಟೆ. "ಇಳಿಜಾರಿನ ಉದ್ದ ಮುಗೀತಂದ್ರ ಹಿಂದ ತಿರಗತಾವು. ಎಷ್ಟು ಹೆಜ್ಜಿ ಅಂತ ನೀ ಬಳ್ಳಿನ ಮ್ಯಾಲೆ ಎಣಿಸು, ನಾ ಓದತೀನಿ."

ಅವಳು ಬೆರಳ ಮೇಲೆ ಎಣಿಸಿದಳು. ಮೊದಲ ಸಲ ಮೂವತ್ತೆಂಟು. ಎರಡನೆಯ ಸಲ ಐವತ್ತೊಂದು. ಮೂರನೆಯ ಸಲ, "ಈಗ ಇಪ್ಪತ್ತೊಂಬತ್ತ ಆತ್ರಿ," ಎಂದಳು, ಬಹಳ ವಿನಯದಿಂದ. ಎತ್ತಿಗೆ ಎಣಿಕೆ ಸರಿಯಾಗಿ ಬರುವುದಿಲ್ಲವೆಂದು ನಾನು ಸಿಟ್ಟಾದೆ. ಲೆಕ್ಕದ ಮಾಸ್ತರ ಎತ್ತಿನ ಲೆಕ್ಕ ತಪ್ಪೆಂದು ಸಿಟ್ಟಾಗುವುದನ್ನು ಅವಳು ಬೆನ್ನು ಮಾಡಿ ಕೂತೇ ಆನಂದಿಸುತ್ತಿದ್ದಳೆಂದು ಕಾಣುತ್ತದೆ.

ನಮ್ಮ ಮುಂದೆ ಒಬ್ಬ ಮುದುಕ ಒಂದು ಮೇಕೆ ಹಿಡಿದುಕೊಂಡು ಕೊಪ್ಪಳದ ಸಂತೆಗೆ ಹೊರಟಿದ್ದ. ನಾವು ಮುಂದೆ ಹೋಗುವಾಗ ಅವನನ್ನು ದಾಟಿದೆವು. ಹಿಂದೆ ಬರುವಾಗ ಮತ್ತೆ ದಾಟಿದೆವು. "ಏನರೆ ಮರತು ಬಂದೀರೇನ್ರಿ?" ಎಂದ. ಇಲ್ಲ ಎಂದೆ. ಮೂರನೆಯ ಸಲ ಎದುರಾದಾಗ, "ಹೋಗೂದೋ ಬರೂದೋ, ಒಂದು ಗಟ್ಟಿ ಮಾಡಿಕೊಳ್ರಿ," ಎಂದ. ನಾಲ್ಕನೆಯ ಸಲ ಮೇಕೆಯನ್ನು ತನ್ನ ಇನ್ನೊಂದು ಪಕ್ಕಕ್ಕೆ ಎಳೆದುಕೊಂಡ. ಆಮೇಲೆ ಅವನೂ ಮೇಕೆಯೂ ನಮ್ಮನ್ನು ಹಿಂದೆ ಹಾಕಿ ಕಣ್ಮರೆಯಾದರು.

ಒಂದು ವಿಷಯ ಮಾತ್ರ ಒಳ್ಳೆಯದಾಗುತ್ತಿತ್ತು. ಗಾಡಿ ಹಿಂದಕ್ಕೆ ಹೋಗುವಾಗಲೆಲ್ಲ ನಾವು ಮಾತಾಡುತ್ತಿದ್ದೆವು. ಅವಳು ಕೇಳಿದಳು: "ಅದೇನ್ರಿ ಮನ್ಫಿ ಅಂದ್ರ?" ನಾನು ಹೇಳಿದೆ. ಹಿಂದಿನ ವರ್ಷ ಬಿದ್ದದ್ದು, ಸಾಹೇಬರ ಕ್ಯೂಂ, ಸೋದರತ್ತೆಯ ಸಿಟ್ಟು, ಎಲ್ಲ ಹೇಳಿದೆ. ಕೊನೆಗೆ ಹೇಳಬಾರದ್ದನ್ನೂ ಹೇಳಿದೆ. "ನಾ ಈ ಸಲಾನೂ ನಾಪಾಸ ಆಗತೀನಿ. ನನಗ ಅದು ತಿಳದಿಲ್ಲ. ನಿನ್ನ ಮತ್ತ ಇದ ದಾರ್ಯಾಗ ವಾಪಸ್ ತಂದು ಬಿಡಬೇಕಾಗತೈತಿ." ಒಂದು ಮುಂಜಾನೆಯಲ್ಲೇ ಅವಳನ್ನು ಬಿಟ್ಟು ಬರುವುದು ನನಗೆ ಆಗದ ಮಾತಾಗಿತ್ತು.

ಎತ್ತುಗಳು ಆಗಲೇ ನನ್ನ ಮಾತಿಗೆ ತಕ್ಕಂತೆ ಅದೇ ದಾರಿಯಲ್ಲಿ ವಾಪಸ್ ಹೊರಟಿದ್ದವು. ಅದನ್ನು ನೋಡಿ ನನಗೆ ತಡೆಯಲಾರದ ಸಿಟ್ಟು ಬಂತು. ಕೆಳಗೆ ಜಿಗಿದೆ. ಎತ್ತಿನ ಹಗ್ಗ ಹಿಡಿದು ಇಡೀ ಗಾಡಿಯನ್ನು ಪಕ್ಕದ ಬಯಲಿಗೆ ಎಳೆದು, ಗರಗರನೆ ತಿರುಗಿಸಿ, ಎತ್ತುಗಳ ಮೂಗನ್ನು ಬೇವೂರಿನ ಕಡೆ ಮಾಡಿ ನಿಲ್ಲಿಸಿದೆ. "ಹಿಂದ ಹೋಗಬೇಕಲ್ಲ ನಿಮಗ? ಹೋಗ್ರಿ. ಮುಖಾ ಮಾಡಿಕೊಂಡ ಹೋಗ್ರಿ," ಎಂದು ಎತ್ತುಗಳಿಗೆ ಹೇಳಿ, ಸೋತು ಗಾಡಿ ಏರಿ ಬಾಯಿ ಮುಚ್ಚಿ ಕೂತೆ.

ಎತ್ತುಗಳು ಹೊರಟವು. ಮುಖ ಬೇವೂರಿನ ಕಡೆ, ನಡಿಗೆ ಹಿಂದಕ್ಕೆ.

"ನೋಡ್ರಿ," ಎಂದಳು ಅವಳು. ದನಿಯಲ್ಲಿ ನಗು ಇತ್ತು. "ನಾ ಈಗ ಕೊಪ್ಪಳದ ಕಡೆ ಮಾರಿ ಮಾಡಿ ಕುಂತೀನಿ. ಸೀದಾ ಹೊಂಟೀನಿ. ನನಗೇನೂ ಹಿಂದ ಹೊಂಟಾಂಗ ಕಾಣವಲ್ದು."

ಜಾಲಿಗಿಡ ಮತ್ತೆ ಬಂತು, ಈ ಸಲ ಸರಿಯಾದ ದಿಕ್ಕಿನಲ್ಲಿ ಹೋಯಿತು. ನಾವು ಕೊಪ್ಪಳಕ್ಕೆ ಹೋಗುತ್ತಿದ್ದೆವು. ಎತ್ತುಗಳನ್ನು ತಿರುಗಿಸಿದ್ದು ಒಂದು ತಲೆಕೆಳಗು, ಅವು ಹಿಂದಕ್ಕೆ ನಡೆದದ್ದು ಇನ್ನೊಂದು. ಎರಡು ತಲೆಕೆಳಗು ಸೇರಿ ಗಾಡಿ ನೆಟ್ಟಗೆ ಹೊರಟಿತ್ತು. ಒಂದು ಹೆಜ್ಜೆಗೆ ಎರಡು ಮೊಳವೆಂದು ಇಟ್ಟುಕೊಂಡೆ. ಕೊಪ್ಪಳದ ಕಡೆಗೆ ಮುಸ್ಬತ್, ಬೇವೂರಿನ ಕಡೆಗೆ ಮನ್ಫಿ. ಮೂಗು ಬೇವೂರಿಗಿದ್ದರೆ ಒಂದೊಂದು ಹೆಜ್ಜೆಯ ಬೆಲೆ ಮನ್ಫಿ ಎರಡು ಮೊಳ. ಮುಂದಕ್ಕೆ ಇಟ್ಟದ್ದು ಮುಸ್ಬತ್ ಹೆಜ್ಜೆ, ಹಿಂದಕ್ಕೆ ಇಟ್ಟದ್ದು ಮನ್ಫಿ ಹೆಜ್ಜೆ. ಮನ್ಫಿ ಎರಡನ್ನು ಮನ್ಫಿ ನಾಲ್ಕು ಹೆಜ್ಜೆ ನಡೆಸಿದರೆ ಎಂಟು ಮೊಳ, ಕೊಪ್ಪಳದ ಕಡೆಗೆ. ಯಾವ ಕಿತಾಬನ್ನೂ ಕೇಳಬೇಕಿರಲಿಲ್ಲ. ಎತ್ತುಗಳು ನಡೆದು ತೋರಿಸುತ್ತಿದ್ದವು.

ಆನಂದ ತಾಳಲಾರದೆ ನಾನು ರಾಗವೆತ್ತಿ ಇಡೀ ನಿಯಮವನ್ನು ಹಾಡಿಬಿಟ್ಟೆ. ಎತ್ತುಗಳು ತಕ್ಷಣ ಮುಂದಕ್ಕೆ ನಡೆದವು, ಅಂದರೆ ಬೇವೂರಿನ ಕಡೆಗೆ. "ಇದೂ ಸರಿ," ಎಂದು ನಾನು ಕೂಗಿದೆ. "ಮನ್ಫಿ ಜರ್ಬ್ ಮುಸ್ಬತ್, ಮನ್ಫಿ. ಇದೂ ಸರಿ ಐತಿ." ನಾಲ್ಕೂ ನಿಯಮಗಳು ಆ ಧೂಳಿನ ರಸ್ತೆಯಲ್ಲಿ ಚಕ್ರದ ಗುರುತಾಗಿ ಬಿದ್ದಿದ್ದವು. ದೂರದಲ್ಲಿ ಕುರಿ ಕಾಯುವವನೊಬ್ಬ ನಿಂತು, ಒಂದೇ ಗಾಡಿ ನಾಲ್ಕು ಬಗೆಯಲ್ಲಿ ನಡೆಯುವುದನ್ನು ನೋಡಿ, ತಲೆಗೆ ಸುತ್ತಿದ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ಹಾಗೆ ಹಿಮ್ಮುಖವಾಗಿಯೇ ಒಂದು ಬೇವಿನ ಮರದವರೆಗೆ ಹೋಗಿ, ಎತ್ತುಗಳಿಗೆ ನೀರು ತೋರಿಸಿ, ರೊಟ್ಟಿ ಗಂಟು ಬಿಚ್ಚಿದೆವು. ನಾನು ಐದು ರೊಟ್ಟಿ ತಿಂದೆ. ಗಾಡಿಯನ್ನು ಮತ್ತೆ ಕೊಪ್ಪಳದ ಕಡೆ ತಿರುಗಿಸಿ, ಜೋಳದ ಚೀಲಕ್ಕೆ ತಲೆ ಕೊಟ್ಟು, ಅರ್ಧ ಗಳಿಗೆ ಕಣ್ಣು ಮುಚ್ಚುತ್ತೇನೆಂದು ಹೇಳಿದೆ. ಅರ್ಧ ವರ್ಷದಿಂದ ನನಗೆ ಸರಿಯಾದ ನಿದ್ದೆ ಇರಲಿಲ್ಲ.

ಎಚ್ಚರವಾದಾಗ ಬಿಸಿಲು ಕೆಂಪಾಗಿತ್ತು. ಎದುರಿಗೆ ಕೊಪ್ಪಳದ ಕೋಟೆಯ ಗುಡ್ಡ ಕಾಣುತ್ತಿತ್ತು. ಎತ್ತುಗಳು ಹಿಂದೆ ತಿರುಗುವ ವಿಚಾರವೇ ಇಲ್ಲದಂತೆ ನೆಟ್ಟಗೆ ನಡೆಯುತ್ತಿದ್ದವು. ಅವಳು ನನ್ನ ಜಾಗದಲ್ಲಿ ಹಗ್ಗ ಹಿಡಿದು ಕೂತಿದ್ದಳು.

"ಎತ್ತಿಗೆ ಬುದ್ಧಿ ಬಂತೇನು?" ಎಂದು ಕೇಳಿದೆ.

ಅವಳು ತಲೆಯಾಡಿಸಿದಳು. ಏನೋ ಹೇಳಲು ಬಾಯಿ ತೆರೆದಳು, ಸೀಳಿದ ಬಿದಿರಿನ ಸದ್ದು ಬಂತು. ರಸ್ತೆಯ ಧೂಳಿಗೆ ಗಂಟಲು ಕೆಟ್ಟಿರಬೇಕೆಂದು ನನಗನ್ನಿಸಿತು. ಪರೀಕ್ಷೆ ಹತ್ತಿರ ಬಂತೆಂದು ಉಳಿದ ದಾರಿಯುದ್ದಕ್ಕೂ ನಾನು ನಿಲ್ಲಿಸದೆ ರಾಗವಾಗಿ ಓದಿಕೊಂಡೆ. ಚಿಕ್ಕಮ್ಮನ ಮನೆಯಲ್ಲಿ ಅವಳಿಗೆ ಮೆಣಸಿನ ಕಷಾಯ ಕೊಟ್ಟರು. ದಾರಿಯುದ್ದಕ್ಕೂ ನಾನು ಅವಳನ್ನು ಮಾತಾಡಿಸಿ ಮಾತಾಡಿಸಿ ದಣಿಸಿದ್ದೇನೆಂದು ಚಿಕ್ಕಮ್ಮ ನನ್ನನ್ನು ಬೈದರು. ನಾನು ಅರ್ಧ ದಾರಿ ಗೊರಕೆ ಹೊಡೆದದ್ದನ್ನು ಅವರಿಗೆ ಹೇಳಲಿಲ್ಲ.

ಮರುದಿನ ಪರೀಕ್ಷೆಯ ಕೋಣೆಯ ಹೊರಗೆ ಪಡಸಾಲೆಯಲ್ಲಿ ಐದಾರು ಜನ ಹಂಗಾಮಿ ಮಾಸ್ತರರು ಬೆಂಚಿನ ಮೇಲೆ ಕೂತಿದ್ದರು. ಗಂಗಾವತಿಯಿಂದ ಬಂದ ಒಬ್ಬರಂತೂ ದೇವರ ಹೆಸರನ್ನೂ ಗುಣಾಕಾರದ ಮಗ್ಗಿಯನ್ನೂ ಒಟ್ಟಿಗೆ ಜಪಿಸುತ್ತಿದ್ದರು. ನನ್ನನ್ನು ಮೊದಲು ಕರೆದರು. ಸಾಹೇಬರು ನನ್ನ ಗುರುತು ಹಿಡಿದರು.

"ಕ್ಯೂಂ ತಂದೀರಾ?" ಎಂದರು ಉರ್ದುವಿನಲ್ಲಿ.

"ತಂದೀನಿ ಸಾಹೇಬ್. ಆದರೆ ಅದು ಕೂತು ಹೇಳುವುದಲ್ಲ, ನಡೆದು ತೋರಿಸುವುದು," ಎಂದು ನಾನೂ ಉರ್ದುವಿನಲ್ಲೇ ಹೇಳಿ, ಬಾಗಿಲ ಕಡೆಗೆ ಮುಸ್ಬತ್, ಗೋಡೆಯ ಕಡೆಗೆ ಮನ್ಫಿ ಎಂದು ಗೊತ್ತುಮಾಡಿದೆ. ಗೋಡೆಗೆ ಮುಖ ಮಾಡಿದೆ. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟು ಬಾಗಿಲಿಗೆ ಬಂದೆ.

ಸಾಹೇಬರು ಪಾನ್ ಅಗಿಯುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ," ಎಂದರು. ಇನ್ನೊಮ್ಮೆ ನಡೆದೆ. ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಗೋಡೆಗೆ ಮುಖ ಮಾಡಿ ನಿಂತರು. ಶೇರ್ವಾನಿಯ ಅಂಚು ಎತ್ತಿ ಹಿಡಿದು ಹಿಂದಕ್ಕೆ ನಡೆದರು. ಕೋಣೆ ಚಿಕ್ಕದು, ಸಾಹೇಬರ ಉತ್ಸಾಹ ದೊಡ್ಡದು. ಅವರು ನಾಲ್ಕು ಹೆಜ್ಜೆಗೆ ನಿಲ್ಲದೆ, ಹೊಸ್ತಿಲು ದಾಟಿ, ಪಡಸಾಲೆಗೆ ಹಿಮ್ಮುಖವಾಗಿ ಹೊರಬಿದ್ದರು.

ಸಾಹೇಬರೊಬ್ಬರು ಕಣ್ಣರಳಿಸಿಕೊಂಡು, ಮಾತಿಲ್ಲದೆ, ಬಟ್ಟೆ ಎತ್ತಿ ಹಿಡಿದು, ಕೋಣೆಯಿಂದ ಹಿಂದೆ ಹಿಂದೆ ಸರಿದು ಬರುವುದಕ್ಕೆ ನಮ್ಮ ಕಡೆ ಒಂದೇ ಅರ್ಥ. ಗಂಗಾವತಿಯ ಮಾಸ್ತರರು, "ಹಾವು ಹೊಕ್ಕೈತಿ," ಎಂದು ಬೆಂಚು ಹತ್ತಿದರು. ಉಳಿದವರೂ ಹತ್ತಿದರು. ಚಹಾ ತರುತ್ತಿದ್ದ ಜವಾನ ತಟ್ಟೆಯನ್ನು ನೆಲದ ಮೇಲಿಟ್ಟು ಬಡಿಗೆ ತರಲು ಓಡಿದ. ಸಾಹೇಬರು ಯಾರನ್ನೂ ಗಮನಿಸಲಿಲ್ಲ. ಅವರು ಈಗ ಅಂಗಳದ ಕಡೆಗೆ ಮುಖ ತಿರುಗಿಸಿ, ಮತ್ತೆ ಹಿಂದಕ್ಕೆ ನಡೆದು, ಕೋಣೆಯೊಳಗೆ ಬೆನ್ನಿನಿಂದ ಪ್ರವೇಶ ಮಾಡಿ, "ಮುಸ್ಬತ್ ಜರ್ಬ್ ಮನ್ಫಿ, ಮನ್ಫಿ," ಎಂದು ಗೋಡೆಗೆ ಆತುಕೊಂಡರು. ಹಣೆಯ ಮೇಲೆ ಬೆವರಿತ್ತು. ಅಷ್ಟು ಸಂತೋಷಪಟ್ಟ ದೊಡ್ಡ ಮನುಷ್ಯರನ್ನು ನಾನು ಕಡಿಮೆ ನೋಡಿದ್ದೇನೆ.

"ಇದನ್ನು ನಿಮಗೆ ಯಾರು ಕಲಿಸಿದರು?" ಎಂದು ಕೇಳಿದರು.

"ಎರಡು ಎತ್ತು ಸಾಹೇಬ್."

ಅವರು ನನ್ನ ಹೆಸರಿನ ಮುಂದೆ ಪಾಸ್ ಎಂದು ಬರೆದರು. ಆಮೇಲೆ ಒಳಗೆ ಹೋದ ಪ್ರತಿಯೊಬ್ಬರನ್ನೂ ಅಂದು ಹಿಂದಕ್ಕೆ ನಡೆಸಿದರೆಂದು ಕೇಳಿದೆ. ಗಂಗಾವತಿಯವರು ಹಾವು ಹೋಯಿತೆಂದು ಖಾತ್ರಿಯಾಗುವವರೆಗೆ ಒಳಗೆ ಹೋಗಲಿಲ್ಲವಂತೆ.

ನಾನು ಓಡುತ್ತ ಚಿಕ್ಕಮ್ಮನ ಮನೆಗೆ ಬಂದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣು ನನ್ನ ಮುಖದ ಮೇಲಿತ್ತು, ದನಿ ಇನ್ನೂ ಬಂದಿರಲಿಲ್ಲ. ನಾನು ಏನೂ ಹೇಳದೆ ಬಾಗಿಲಿಗೆ ಬೆನ್ನು ಮಾಡಿ, ಹಿಂದಕ್ಕೆ ನಡೆದು ಮನೆಯೊಳಗೆ ಹೋದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣು ಒರೆಸಿಕೊಂಡಳು. ಅಕ್ಕಿಕಾಳಿನ ಅಡ್ಡಿಯಿಲ್ಲದೆ ನಾನು ಅವಳ ಮುಖವನ್ನು ಕಣ್ತುಂಬ ನೋಡಿದ್ದು ಅಂದೇ.

ಎರಡು ದಿನ ಬಿಟ್ಟು ಮಾವ ಎತ್ತು ಒಯ್ಯಲು ಮಂಗಳೂರಿಗೆ ಬಂದರು. ಮಗಳು "ಬಾ ಅಪ್ಪಾ" ಎಂದು ಒಡೆದ ದನಿಯಲ್ಲಿ ಕರೆದಳು. ಅವರು ಅವಳನ್ನು ನೋಡಿದರು, ಎತ್ತುಗಳನ್ನು ನೋಡಿದರು, ನನ್ನನ್ನು ನೋಡಿದರು. ಮೀಸೆಯೊಳಗೇ ನಕ್ಕರು. ಯಾಕೆ ನಗುತ್ತಾರೆಂದು ತಿಳಿಯದೆ ನನಗೆ ಆಗ ಸಿಟ್ಟು ಬಂದಿತ್ತು.

ತಿಳಿದದ್ದು ಹನ್ನೊಂದು ವರ್ಷದ ಮೇಲೆ. ನಮ್ಮ ಮಗಳು ಮನ್ಫಿ ಸಂಖ್ಯೆಗಳ ಪಾಠಕ್ಕೆ ಬಂದಿದ್ದಳು. ಒಂದು ಮುಂಜಾನೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನಾನು ಅವಳಿಗೆ ಈ ಕಥೆಯನ್ನು ನೂರನೆಯ ಸಲ ಹೇಳುತ್ತಿದ್ದೆ. ನಾನು ಮಲಗಿದ್ದಾಗ ಎತ್ತುಗಳು ತಾವಾಗಿಯೇ ಬುದ್ಧಿ ಕಲಿತು ನೆಟ್ಟಗೆ ನಡೆದ ಭಾಗಕ್ಕೆ ಬಂದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಎತ್ತು ಏನೂ ಕಲೀಲಿಲ್ಲ," ಎಂದಳು ನನ್ನ ಹೆಂಡತಿ. "ಮಟ್ಟಿ ಎತ್ತು ಹೆಜ್ಜಿ ಎಣಸೂದಿಲ್ರಿ. ಹಾಡು ಕೇಳತಾವು. ಹಾಡು ಇರೂತನಕ ಮುಂದ, ಹಾಡು ಮುಗೀತಂದ್ರ ಹಿಂದ. ಬಾವಿ ಮ್ಯಾಲೆ ಅವಕ್ಕ ಎಂಟು ವರ್ಷ ಹಾಡಿದಾಕಿ ನಾನು. ನೀವು ರಾಗ ತಗದು ಓದತಿದ್ರಿ, ಅವು ಹೋಗತಿದ್ವು. ನೀವು ನಿಂದರಿಸಿ ಯೋಚನಿ ಮಾಡತಿದ್ರಿ, ಅವು ಹಿಂದ ಬರತಿದ್ವು."

ಹನ್ನೊಂದು ವರ್ಷ ನಾನು ಎತ್ತಿನ ಬುದ್ಧಿಯನ್ನು ಊರೂರಿಗೆ ಹೊಗಳಿದ್ದೆ.

"ಮತ್ತ ನಾ ಮಲಗಿದಾಗ?"

"ಹೊತ್ತು ಏರಿತ್ತು. ನಿಮ್ಮ ಇಮ್ತಿಹಾನ್ ತಪ್ಪತಿತ್ತು. ಕೊಪ್ಪಳ ಕಾಣೂತನಕ ಹಾಡಿದೆ. ಹಾಡಿನ ನಡುವ ಉಸಿರು ತಗೊಳ್ಳಾಕ ನಿಂತ್ರ ಅವೂ ನಿಂತು ಬಿಡತಿದ್ವು."

"ಮುಂಜಾನಿ ಯಾಕ ಹೇಳಲಿಲ್ಲ?"

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. "ಹಿಂದ ಹೋಗುವಾಗ ನೀವು ನನ್ನ ಜೋಡಿ ಮಾತಾಡತಿದ್ರಿ. ಹೇಳಿದ್ರ ಲಗೂನ ಕೊಪ್ಪಳ ಬಂದು ಬಿಡತಿತ್ತು."

ಮಗಳು ನನ್ನ ಮುಖ ನೋಡಿದಳು, ತಾಯಿಯ ಬೆನ್ನು ನೋಡಿದಳು. ಅಷ್ಟು ದೂರ ಯಾವ ಹಾಡು ಹಾಡಿದೆ ಎಂದು ಕೇಳಿದೆ.

"ನಿಮ್ಮದ ಹಾಡಿದೆ. ನನ್ನ ಬಾವಿ ಹಾಡು ಹಾಡಿದ್ರ ನಿಮಗ ಎಚ್ಚರ ಆಗತಿತ್ತು. ನಿಮ್ಮ ಪಾಠಕ್ಕ ಛಲೋ ನಿದ್ದಿ ಹತ್ತತೈತಿ." ಅವಳು ತಿರುಗದೆಯೇ, ಬಾವಿಯ ರಾಗದಲ್ಲಿ ಮೆಲ್ಲಗೆ ಹಾಡಿ ತೋರಿಸಿದಳು. "ಮನ್ಫಿ ಜರ್ಬ್ ಮನ್ಫಿ ಜರ್ಬ್ ಮನ್ಫಿ ಜರ್ಬ್ ಮನ್ಫಿ... ಕಡೀ ಮುಸ್ಬತ್ ಮಾತ್ರ ಅನ್ನಲಿಲ್ಲ. ಅಲ್ಲಿಗೆ ಹಾಡು ಮುಗೀತಂತ ಅವಕ್ಕ ಗೊತ್ತಾಗಿತ್ತು."

ಮಗಳು ಹಲಗೆಯ ಮೇಲೆ ಏನೋ ಗೀಚಿ, ಹುಬ್ಬು ಗಂಟು ಹಾಕಿದಳು. ಲೆಕ್ಕದಲ್ಲಿ ನನ್ನ ಮಗಳೇ. "ಅವ್ವಾ, ಒಟ್ಟು ಎಷ್ಟು ಮನ್ಫಿ ಅಂದಿ? ಬೆಸ ಆದ್ರ ಕಡೀಕ ಮನ್ಫಿ ಬರತೈತಿ. ಸಮ ಆದ್ರ ಅಷ್ಟ ಮುಸ್ಬತ್. ಎಣಸಿದ್ದೇನು?"

"ಎಣಸಲಿಲ್ಲವಾ."

"ಹಂಗಾದ್ರ ಸಮ ಇತ್ತೋ ಬೆಸ ಇತ್ತೋ ಹೆಂಗ ಗೊತ್ತಾಗಬೇಕು?"

ನನ್ನ ಹೆಂಡತಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನಾ ಇಲ್ಲಿ ನಿಮ್ಮಪ್ಪನ ಮನ್ಯಾಗ ಕುಂತು ರೊಟ್ಟಿ ಬಡ್ಯಾಕತ್ತೀನಲ್ಲ," ಎಂದಳು. "ಸಮ ಇತ್ತು."